ಪಾರ್ಫಿರಾ ಜಾತಿಯ ಎರಡು ಬಾಳುಗಳು: ಒಂದು ವರ್ಗೀಕರಣದ ಚಾರಿತ್ರಿಕ ವಿಮರ್ಶೆ

ಕೆಂಪು ಕಡಲಪಾಚಿಗಳ ಪೈಕಿ ಪಾರ್ಫಿರಾ ಎಂಬ ಜಾತಿಯ ವಿಷಯವಾಗಿ ತರಗತಿಯ ಪಠ್ಯಗ್ರಂಥಗಳು ಹೇಳುವುದೆಲ್ಲವೂ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿ ಅಡಗಿರುವುದು. ವೃತ್ತವೊಂದರ ಮೇಲ್ಭಾಗದಲ್ಲಿ ಎಲೆಯಂತಹ ತೆಳುವಾದ ಸಸ್ಯ. ಕೆಳಭಾಗದಲ್ಲಿ ಸಿಂಪಿಯ ಚಿಪ್ಪಿನೊಳಗೆ ಹಬ್ಬಿದ ಕೂದಲಿನಂತಹ ಎಳೆಗಳು. ಇವೆರಡರ ನಡುವೆ ಬಾಣದ ಗುರುತುಗಳು. ವಿದ್ಯಾರ್ಥಿಗಳು ಅದನ್ನು ಬರೆದು, ಭಾಗಗಳನ್ನು ಹೆಸರಿಸಿ, ಅಂಕಗಳನ್ನು ಪಡೆಯುವರು. ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ವೃತ್ತಕ್ಕೆ ಮೊದಲೂ ಕೊನೆಯೂ ಇಲ್ಲವಾದುದರಿಂದ, ಅದರ ಮೇಲಿನ ಅರ್ಧವನ್ನು ವಿದ್ವಾಂಸರು 1753ರಿಂದಲೂ ಬಲ್ಲವರಾಗಿದ್ದರೆಂಬುದೂ, ಕೆಳಗಿನ ಅರ್ಧವನ್ನು 1892ರಲ್ಲಿ ಬೇರೆಯದೇ ಹೆಸರಿನಿಂದ ಕಂಡರೆಂಬುದೂ, ಎರಡೂ ಒಂದೇ ಜೀವಿಯೆಂದು ತಿಳಿಯಲು 1949ರವರೆಗೆ ಕಾಯಬೇಕಾಯಿತೆಂಬುದೂ ಅದರಲ್ಲಿ ಸಂಪೂರ್ಣವಾಗಿ ಮರೆಯಾಗಿಬಿಡುವುವು.

ಇತಿಹಾಸವನ್ನು ಬೋಧಿಸುವ ನಮಗೆ ಸಸ್ಯಶಾಸ್ತ್ರದ ಈ ವಿಷಯದಲ್ಲಿ ಪ್ರವೇಶವೇತಕ್ಕೆ ಎಂದು ಕೆಲವರು ಕೇಳಬಹುದು. ವರ್ಗೀಕರಣವೆಂಬುದು ಶಾಸನದಂತೆಯೇ ಒಂದು ದಾಖಲೆ. ಯಾರು, ಯಾವಾಗ, ಯಾವ ಆಧಾರವನ್ನು ಮುಂದಿಟ್ಟುಕೊಂಡು ಅದನ್ನು ಬರೆದರೆಂದು ಕೇಳುವ ಅಧಿಕಾರ ಇತಿಹಾಸಕಾರನಿಗೆ ಇದ್ದೇ ಇರುವುದು. ಪಾರ್ಫಿರಾದ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಎರಡು ಪ್ರಚಲಿತ ನಿರೂಪಣೆಗಳು ನಿಲ್ಲಲಾರವೆಂದು ನಮ್ಮ ಅಭಿಪ್ರಾಯ. ಕ್ಯಾಥಲೀನ್ ಡ್ರೂ ಅವರ ಶೋಧನೆ ಜಪಾನಿನ ಬೆಳೆಗಾರರನ್ನು ಉದ್ಧರಿಸಿದ ಒಂದು ಆಕಸ್ಮಿಕವೆಂಬುದು ಮೊದಲನೆಯದು. ಆ ಶೋಧನೆಯಿಂದ ಒಂದು ಹೆಸರು ರದ್ದಾಯಿತೇ ಹೊರತು ಕೆಂಪು ಪಾಚಿಗಳ ವರ್ಗೀಕರಣಕ್ಕೆ ಮತ್ತೇನೂ ಆಗಲಿಲ್ಲವೆಂಬುದು ಎರಡನೆಯದು.

ಮೊದಲು ಎಲೆಯ ವಿಚಾರ. ಲಿನೀಯಸನು 1753ರಲ್ಲಿ ಈ ಸಸ್ಯವನ್ನು ಉಲ್ವಾ ಅಂಬಿಲಿಕಾಲಿಸ್ ಎಂದು ಕರೆದನು. ಉಲ್ವಾ ಎಂಬುದು ಇಂದು ನಾವು ಹಸುರು ಪಾಚಿಗಳಿಗೆ ಮೀಸಲಾಗಿಟ್ಟಿರುವ ಹೆಸರು. ತೆಳುವಾಗಿ ಹಾಳೆಯಂತಿರುವುದೆಲ್ಲವೂ ಒಂದೆಡೆ ಸೇರಬೇಕೆಂಬುದು ಆ ಕಾಲದ ದೃಷ್ಟಿ. ಬಣ್ಣಕ್ಕೆ ಆಗ ಅಷ್ಟು ಬೆಲೆಯಿರಲಿಲ್ಲ. ಸಸ್ಯವು ತನ್ನ ನಡುವಿನ ಹೊಕ್ಕುಳಿನಂತಹ ಒಂದು ಬಿಂದುವಿನಿಂದ ಬಂಡೆಗೆ ಅಂಟಿಕೊಂಡಿರುವುದರಿಂದ ಅಂಬಿಲಿಕಾಲಿಸ್ ಎಂಬ ವಿಶೇಷಣ ಬಂದಿತು. ಸ್ವೀಡನ್ನಿನ ಕಾರ್ಲ್ ಆಗಾರ್ಡನು 1824ರಲ್ಲಿ ಪಾರ್ಫಿರಾ ಎಂಬ ಜಾತಿಯನ್ನು ಪ್ರತ್ಯೇಕಿಸಿದನು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಧೂಮ್ರವರ್ಣವೆಂದು ಅರ್ಥ. ಕ್ಯೂಟ್ಸಿಂಗನು 1843ರಲ್ಲಿ ಲಿನೀಯಸನ ಪ್ರಭೇದವನ್ನು ಈ ಜಾತಿಯೊಳಕ್ಕೆ ತಂದನು.

ಎಲೆಯ ಅಂಗರಚನೆ ಬಹು ಸರಳವಾದುದು. ಒಂದೇ ಪದರ, ಕೆಲವು ಪ್ರಭೇದಗಳಲ್ಲಿ ಎರಡು ಪದರ ಜೀವಕೋಶಗಳು; ಅವುಗಳ ಸುತ್ತ ಲೋಳೆಯಂತಹ ದಪ್ಪ ಭಿತ್ತಿ; ಪ್ರತಿಯೊಂದು ಕೋಶದ ನಡುವೆ ನಕ್ಷತ್ರಾಕಾರದ ಒಂದು ವರ್ಣಕಣ, ಅದರ ಮಧ್ಯದಲ್ಲಿ ಒಂದು ಪೈರಿನಾಯ್ಡ್. ಕಾಂಡವಿಲ್ಲ, ನರಗಳಿಲ್ಲ, ಒಳಗೆ ಬೇರೆ ಬೇರೆ ಅಂಗಾಂಶಗಳಿಲ್ಲ. ಸಂತಾನೋತ್ಪತ್ತಿಯ ಕಾಲದಲ್ಲಿ ಎಲೆಯ ಅಂಚಿನ ಸಾಮಾನ್ಯ ಕೋಶಗಳೇ ಲಿಂಗಾಂಗಗಳಾಗಿ ಪರಿಣಮಿಸುವುವು. ಗಂಡು ಕೋಶವು ಮತ್ತೆ ಮತ್ತೆ ಸೀಳಿ ಬಣ್ಣಗುಂದಿದ ಚಿಕ್ಕ ಚಿಕ್ಕ ಕೋಶಗಳ ಪೊಟ್ಟಣವಾಗುವುದು. ಜಪಾನಿನ ಯೆಜೋಎನ್ಸಿಸ್ ಮುಂತಾದ ಪ್ರಭೇದಗಳಲ್ಲಿ ಇವುಗಳ ಸಂಖ್ಯೆ 64 ಅಥವಾ 128. ಹೆಣ್ಣು ಕೋಶವು ಒಂದು ಕಿರಿದಾದ ಚಾಚುಮೂತಿಯನ್ನು ಹೊರಗೆ ಚಾಚಿ ಗಂಡು ಕೋಶವನ್ನು ಸ್ವೀಕರಿಸುವುದು. ಗರ್ಭಾಧಾನವಾದ ಮೇಲೆ ಅದೂ ಸೀಳಿ ಕಾರ್ಪೋಸ್ಪೋರ್ ಎಂಬ ಬೀಜಕಗಳ ಗುಂಪಾಗುವುದು. ಉಳಿದ ಬಹುಮಟ್ಟಿನ ಕೆಂಪು ಪಾಚಿಗಳಲ್ಲಿ ಈ ಹಂತದಲ್ಲಿ ತಾಯಿಸಸ್ಯದ ಮೇಲೆಯೇ ಒಂದು ಪ್ರತ್ಯೇಕ ಪೀಳಿಗೆ ಬೆಳೆಯುವುದಾದರೆ ಇಲ್ಲಿ ಅದೇನೂ ಕಾಣದು.

ಈ ಪೊಟ್ಟಣಗಳನ್ನು ಎಣಿಸಿ ಪ್ರಭೇದಗಳನ್ನು ಬೇರ್ಪಡಿಸುವ ಕ್ರಮವನ್ನು ಹುಸ್ ಎಂಬಾತನು 1902ರಲ್ಲಿ ಅಮೆರಿಕದ ಪಶ್ಚಿಮ ತೀರದ ಪಾರ್ಫಿರಾಗಳನ್ನು ಕುರಿತ ತನ್ನ ಗ್ರಂಥದಲ್ಲಿ ತಂದನು. ಉದ್ದ, ಅಗಲ, ಆಳ ಈ ಮೂರು ದಿಕ್ಕುಗಳಲ್ಲಿಯೂ ಕೋಶವು ಎಷ್ಟೆಷ್ಟು ಪಾಲಾಯಿತೆಂಬುದನ್ನು ಒಂದು ಸೂತ್ರವಾಗಿ ಬರೆಯುವುದು ಅವನ ಉಪಾಯ. ಎಲೆ ಎಷ್ಟು ಪದರದ್ದು, ಗಂಡು ಹೆಣ್ಣುಗಳು ಒಂದೇ ಎಲೆಯಲ್ಲಿರುವುವೋ ಬೇರೆ ಬೇರೆಯಾಗಿರುವುವೋ, ವಿಭಜನೆಯ ಸೂತ್ರವೇನು ಎಂಬ ಮೂರೇ ಪ್ರಶ್ನೆಗಳ ಆಧಾರದ ಮೇಲೆ ಮುಂದಿನ ನೂರು ವರ್ಷ ಈ ಜಾತಿಯ ಪ್ರಭೇದಗಳನ್ನು ಗುರುತಿಸುತ್ತ ಬರಲಾಯಿತು. ಅಷ್ಟು ಸರಳವಾದ ದೇಹದಲ್ಲಿ ಹಿಡಿಯಲು ಬೇರೆ ಲಕ್ಷಣಗಳಾದರೂ ಎಲ್ಲಿದ್ದುವು! ಮೂರು ಪ್ರಶ್ನೆಗಳೂ ಎಲೆಗೆ ಸಂಬಂಧಿಸಿದುವೇ ಆಗಿದ್ದುವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇತ್ತ ಬ್ರಿಟನ್ನಿನ ಬ್ಯಾಟರ್ಸ್ ಎಂಬ ಪಾಚಿತಜ್ಞನು ಸತ್ತ ಚಿಪ್ಪುಗಳನ್ನು ಕೊರೆದು ಒಳಗೆ ಹಬ್ಬಿ ಅವಕ್ಕೆ ಗುಲಾಬಿಯ ಬಣ್ಣ ಕೊಡುವ ಎಳೆಗಳನ್ನು ಪರೀಕ್ಷಿಸಿ, 1892ರಲ್ಲಿ ಕಾಂಕೋಸೆಲಿಸ್ ರೋಸಿಯಾ ಎಂಬ ಹೊಸ ಜಾತಿ ಮತ್ತು ಪ್ರಭೇದವನ್ನು ಸ್ಥಾಪಿಸಿದನು. ಅವನ ಕೆಲಸ ನಿರ್ದುಷ್ಟವಾದುದೇ. ಕಣ್ಣೆದುರಿಗಿದ್ದುದನ್ನು ಅವನು ಸರಿಯಾಗಿ ವರ್ಣಿಸಿದನು. ಒಂದು ಗೇಣುದ್ದದ ಎಲೆಗೂ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕವಲೊಡೆದ ಎಳೆಗೂ ನಂಟಿದೆಯೆಂದು ಊಹಿಸಲು ಯಾರಿಗೂ ಕಾರಣವಿರಲಿಲ್ಲ. ಪಾರ್ಫಿರಾದ ಕಾರ್ಪೋಸ್ಪೋರ್‌ಗಳನ್ನು ಗಾಜಿನ ಪಾತ್ರೆಯಲ್ಲಿ ಮೊಳೆಸಿದವರು ಆಮೇಲೆ ಇಲ್ಲದೆ ಇರಲಿಲ್ಲ. ಮೊಳಕೆಗಳು ಎಲೆಯಾಗದೆ ಎಳೆಗಳಾಗಿ ಹರಿದುಹೋಗುವುದನ್ನು ಅವರು ಕಂಡದ್ದೂ ಉಂಟು. ಆದರೆ ಗಾಜಿನ ಮೇಲೆ ಆ ಎಳೆಗಳು ಮುಂದುವರಿಯಲಿಲ್ಲ. ಅವು ಏನಾಗಬೇಕಾಗಿದ್ದುವೆಂಬುದು ತಿಳಿಯಲಿಲ್ಲ.

ಮ್ಯಾಂಚೆಸ್ಟರಿನ ಕ್ಯಾಥಲೀನ್ ಡ್ರೂ ಅವರು ಪಾರ್ಫಿರಾ ಅಂಬಿಲಿಕಾಲಿಸ್‌ನ ಬೀಜಕಗಳಿಗೆ ಗಾಜಿನ ಬದಲು ಚಿಪ್ಪನ್ನು ಒದಗಿಸಿದರು. ಬೀಜಕಗಳು ಚಿಪ್ಪನ್ನು ಕೊರೆದು ಒಳಹೊಕ್ಕು ಬ್ಯಾಟರ್ಸನು ವರ್ಣಿಸಿದ ಕಾಂಕೋಸೆಲಿಸ್ ಆಗಿಯೇ ಬೆಳೆದುವು. ಈ ಫಲಿತಾಂಶವನ್ನು ಅವರು 1949ರ ಅಕ್ಟೋಬರ್ 29ರ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಿದರು. ಎರಡು ಹೆಸರುಗಳಲ್ಲಿ 1824ರದು ಹಿರಿಯದಾದುದರಿಂದ ನಾಮಕರಣದ ನಿಯಮದಂತೆ ಪಾರ್ಫಿರಾ ಉಳಿಯಿತು. ಕಾಂಕೋಸೆಲಿಸ್ ಜಾತಿಯೆಂಬ ಪದವಿಯನ್ನು ಕಳೆದುಕೊಂಡು ಜೀವನದ ಒಂದು ಅವಸ್ಥೆಯ ಹೆಸರಾಗಿ ಬದುಕಿಕೊಂಡಿತು.

ಜನಪ್ರಿಯ ನಿರೂಪಣೆಗಳಲ್ಲಿ ಇದು ಆಕಸ್ಮಿಕವಾಗಿಬಿಡುವುದು: ಆಕೆ ಏನೋ ಒಂದು ಚಿಪ್ಪನ್ನು ತೊಟ್ಟಿಗೆ ಹಾಕಿದಳು, ಅದೃಷ್ಟ ಒಲಿಯಿತು. ಈ ನಿರೂಪಣೆಯನ್ನು ನಾವು ಒಪ್ಪಲಾರೆವು. ಅದೇ ನಿರೂಪಣೆಗಳೇ ಆ ಚಿಪ್ಪುಗಳು ಶುದ್ಧೀಕರಿಸಿದುವಾಗಿದ್ದುವೆಂದೂ ಹೇಳುತ್ತವೆ. ಶುದ್ಧೀಕರಿಸಿ ಹಾಕಿದ ಚಿಪ್ಪು ಕೈತಪ್ಪಿ ಬಿದ್ದ ಚಿಪ್ಪಾಗಲಾರದು. ಮೇಲಾಗಿ ಡ್ರೂ ಅವರು 1920ರ ದಶಕದಿಂದಲೂ ಕೆಂಪು ಪಾಚಿಗಳ ಜೀವನಚರಿತ್ರೆಗಳಲ್ಲಿಯೇ ತೊಡಗಿದ್ದವರು. ಇದಕ್ಕಾಗಿ ಕ್ಯಾಲಿಫೋರ್ನಿಯದ ಬರ್ಕ್ಲೀಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು, 1939ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದಿದ್ದರು. 1949ರ ಟಿಪ್ಪಣಿಯ ಹಿಂದೆ ಸುಮಾರು ಕಾಲು ಶತಮಾನದ ಅಭ್ಯಾಸವಿದ್ದಿತು.

ಆ ಅಭ್ಯಾಸ ನಡೆದ ಪರಿಸ್ಥಿತಿಯೂ ಉಪೇಕ್ಷಿಸುವಂತಹುದಲ್ಲ. 1901ರಲ್ಲಿ ಜನಿಸಿದ ಡ್ರೂ ಅವರು 1922ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಅಲ್ಲಿಯೇ ಅಧ್ಯಾಪಕರಾದರು. 1928ರಲ್ಲಿ ಅವರು ಹೆನ್ರಿ ರೈಟ್ ಬೇಕರ್ ಅವರನ್ನು ಮದುವೆಯಾದಾಗ, ವಿವಾಹಿತ ಸ್ತ್ರೀಯರನ್ನು ನೌಕರಿಯಲ್ಲಿ ಇಟ್ಟುಕೊಳ್ಳಬಾರದೆಂಬ ಆಗಿನ ನಿಯಮದ ಫಲವಾಗಿ ಆ ಹುದ್ದೆ ಹೋಯಿತು. ಗಂಡ ಇಂಜಿನಿಯರಿಂಗ್ ಕಲಿಸುತ್ತಿದ್ದುದು ಅದೇ ವಿಶ್ವವಿದ್ಯಾನಿಲಯದಲ್ಲಿ. ಅವರ ಕೆಲಸಕ್ಕೆ ಮದುವೆಯಿಂದ ಯಾವ ಬಾಧೆಯೂ ತಟ್ಟಲಿಲ್ಲ. ಅಲ್ಲಿಂದ ಮುಂದೆ ಆಕೆಯದು ಗೌರವ ಸಂಶೋಧಕಿಯ ಸ್ಥಾನ. ಭರತ ಇಳಿತಗಳನ್ನು ಅನುಕರಿಸುವ ತೊಟ್ಟಿಯನ್ನು ಗಂಡನೇ ಕಟ್ಟಿಕೊಟ್ಟರು. ಆಕಸ್ಮಿಕದ ಕಥೆ ಹೇಳುವವರು ಈ ಇಪ್ಪತ್ತೊಂದು ವರ್ಷಗಳನ್ನು ಒಂದು ಚಿಪ್ಪಿನ ಕೆಳಗೆ ಮುಚ್ಚಿಬಿಡುತ್ತಾರೆ. ಆಕೆ ತಮ್ಮ ಲೇಖನಗಳಿಗೆ ಹಾಕುತ್ತಿದ್ದ ಹೆಸರು ಡ್ರೂ ಎಂದೇ; ಡ್ರೂ-ಬೇಕರ್ ಎಂಬ ಜೋಡಿ ಹೆಸರನ್ನು ಇಂದಿನ ಬರೆಹಗಳು ಹೆಚ್ಚಾಗಿ ಬಳಸುತ್ತಿವೆ. ಒಂದು ಸಸ್ಯದ ಎರಡು ಹೆಸರುಗಳನ್ನು ಒಂದುಗೂಡಿಸಿದವರಿಗೆ ಹೀಗಾದುದು ವಿಚಿತ್ರವೇ ಸರಿ.

ಇನ್ನು ಉದ್ಧಾರದ ಮಾತು. ಜಪಾನಿನಲ್ಲಿ ಪಾರ್ಫಿರಾ ಎಲೆಗಳನ್ನು ಒಣಗಿಸಿ ಹಾಳೆ ಮಾಡಿ ನೋರಿ ಎಂಬ ಹೆಸರಿನಿಂದ ತಿನ್ನುವರು. ಎಡೋ ಕೊಲ್ಲಿಯ, ಎಂದರೆ ಇಂದಿನ ಟೋಕಿಯೋ ಕೊಲ್ಲಿಯ, ಬೆಸ್ತರು ಶರತ್ಕಾಲದಲ್ಲಿ ಆಳವಿಲ್ಲದ ನೀರಿನಲ್ಲಿ ಮರದ ರೆಂಬೆಗಳನ್ನೂ ಬಿದಿರನ್ನೂ ನೆಟ್ಟು ಅದರ ಮೇಲೆ ಈ ಬೆಳೆ ತೆಗೆಯುವುದನ್ನು ಶತಮಾನಗಳ ಹಿಂದೆಯೇ ಕಲಿತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದುವರಿದು, ಬೀಜ ಚೆನ್ನಾಗಿ ಹಿಡಿಯುವ ಕಡೆ ರೆಂಬೆಗಳನ್ನು ನೆಟ್ಟು, ಎಲೆ ಚೆನ್ನಾಗಿ ಬೆಳೆಯುವ ನದೀಮುಖಗಳಿಗೆ ಅವನ್ನು ಸಾಗಿಸತೊಡಗಿದರು. ಬೀಜ ಎಲ್ಲಿ ಬರುವುದು, ಯಾವಾಗ ಬರುವುದು ಎಂಬುದನ್ನು ಅವರು ಬಲ್ಲರು. ಎಲ್ಲಿಂದ ಬರುವುದೆಂಬುದನ್ನು ಅವರೂ ಅರಿಯರು, ವಿದ್ವಾಂಸರೂ ಅರಿಯರು. ಬೇಸಗೆಯಲ್ಲಿ ಎಲೆಗಳು ಸಂಪೂರ್ಣ ಮಾಯವಾಗಿ ಶರತ್ಕಾಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದುವು. ಕೆಲವು ವರ್ಷ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಅದನ್ನು ಜೂಜಿನ ಹುಲ್ಲೆಂದು ಕರೆಯುತ್ತಿದ್ದುದು ಇದೇ ಕಾರಣದಿಂದ. ಯುದ್ಧಾನಂತರದ ವರ್ಷಗಳಲ್ಲಿ ಬೆಳೆ ಬಹಳವಾಗಿ ಕೆಟ್ಟಿದ್ದಿತು.

ಡ್ರೂ ಅವರ ಟಿಪ್ಪಣಿ ಉತ್ತರಿಸಿದುದು ‘ಎಲ್ಲಿಂದ’ ಎಂಬ ಈ ಒಂದು ಪ್ರಶ್ನೆಗೆ. ಅದರಲ್ಲಿಯೂ ಎಲೆಯಿಂದ ಚಿಪ್ಪಿನವರೆಗಿನ ದಾರಿ ಸ್ಪಷ್ಟವಾಗಿದ್ದಿತೇ ವಿನಾ ಚಿಪ್ಪಿನಿಂದ ಎಲೆಗೆ ಹಿಂದಿರುಗುವ ದಾರಿ ಪೂರ್ತಿಯಾಗಿರಲಿಲ್ಲ. 1950ರ ದಶಕದ ಮಧ್ಯದ ವೇಳೆಗೆ ಜಪಾನಿನ ಕುರೋಗಿ ಮತ್ತು ಚೀನದ ತ್ಸೆಂಗ್ ಮೊದಲಾದವರ ಶ್ರಮದಿಂದ ಆ ಅರ್ಧವೂ ತುಂಬಿತು: ಚಿಪ್ಪಿನೊಳಗಿನ ಎಳೆಗಳು, ದಿನಗಳು ಕಿರಿದಾಗಿ ನೀರು ತಣ್ಣಗಾಗುವ ಕಾಲದಲ್ಲಿ, ಕಾಂಕೋಸ್ಪೋರ್ ಎಂಬ ಬೀಜಕಗಳನ್ನು ಹೊರಬಿಡುವುವು, ಅವೇ ಎಲೆಗಳಾಗುವುವು. ಡ್ರೂ ಅವರೊಡನೆ ಪತ್ರವ್ಯವಹಾರವಿದ್ದ ಕ್ಯೂಷೂ ವಿಶ್ವವಿದ್ಯಾನಿಲಯದ ಸೆಗಾವಾ ಸೋಕಿಚಿ ಅವರು ಈ ವಿಷಯವನ್ನು ಜಪಾನಿನ ಪ್ರಭೇದಗಳಲ್ಲಿ ಪರೀಕ್ಷಿಸಿದರು. ಕುಮಾಮೋಟೋ ಪ್ರಾಂತದ ಓಟಾ ಫುಸಾವೋ ಅವರು ತೊಟ್ಟಿಗಳಲ್ಲಿ ಚಿಪ್ಪುಗಳಿಗೆ ಬೀಜ ಹಿಡಿಸಿ, ಬೇಸಗೆಯೆಲ್ಲ ಸಾಕಿ, ಶರತ್ಕಾಲದಲ್ಲಿ ಬಲೆಗಳಿಗೆ ದಾಟಿಸುವ ವಿಧಾನವನ್ನು ಬಳಕೆಗೆ ತಂದರು. ಸಾವಿರಾರು ಬೆಸ್ತರು ಈ ವಿಧಾನವನ್ನು ಕಲಿತರು. ಹೀಗಿರುವಾಗ ಒಬ್ಬರೇ ಉದ್ಧರಿಸಿದರೆಂದು ಬರೆಯುವುದು ಉಳಿದವರಿಗೆ ಅನ್ಯಾಯ. ಎರಡು ಪುಟದ ಟಿಪ್ಪಣಿ ಹೇಳದುದನ್ನೆಲ್ಲ ಅದಕ್ಕೆ ಆರೋಪಿಸುವುದು ಡ್ರೂ ಅವರಿಗೂ ಅನ್ಯಾಯ. ಬೆಳೆಗಾರರು ಮಾತ್ರ ತಮ್ಮ ಕೃತಜ್ಞತೆಯಲ್ಲಿ ಯಾವ ಗೊಂದಲವನ್ನೂ ಮಾಡಿಕೊಳ್ಳಲಿಲ್ಲ. ಅವರು ಹಣ ಕೂಡಿಸಿ ಅರಿಯಾಕೆ ಸಮುದ್ರಕ್ಕೆ ಎದುರಾಗಿ ಉಟೋ ಎಂಬಲ್ಲಿ ಆಕೆಯ ಸ್ಮಾರಕವನ್ನು 1963ರ ಏಪ್ರಿಲ್ 14ರಂದು ನಿಲ್ಲಿಸಿದರು. ಪ್ರತಿವರ್ಷ ಅದೇ ದಿನ ಅಲ್ಲಿ ಉತ್ಸವ ನಡೆಯುವುದು ಸಂಪ್ರದಾಯವಾಗಿದೆ. ಜಪಾನನ್ನು ಎಂದೂ ನೋಡದ ಡ್ರೂ ಅವರು 1957ರಲ್ಲಿಯೇ ತೀರಿಕೊಂಡಿದ್ದರು.

ಬೆಳೆಯ ಕಥೆ ಇಷ್ಟು ಪ್ರಸಿದ್ಧವಾದುದರಿಂದಲೇ ಶೋಧನೆಯ ಇನ್ನೊಂದು ಪರಿಣಾಮ ಹಿಂದೆ ಬಿದ್ದಿದೆ. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ದೊಡ್ಡದು. ಕೆಂಪು ಪಾಚಿಗಳನ್ನು ಬಹುಕಾಲ ಎರಡು ಪಂಗಡಗಳಾಗಿ ವಿಂಗಡಿಸಿದ್ದರು: ಫ್ಲಾರಿಡಿಯೆ ಮತ್ತು ಬ್ಯಾಂಜಿಯಾದ ಪಂಗಡ. ಪಾರ್ಫಿರಾ ಎರಡನೆಯದಕ್ಕೆ ಸೇರಿದುದು. ಫ್ಲಾರಿಡಿಯೆಗಳಲ್ಲಿ ನೆರೆಯ ಜೀವಕೋಶಗಳ ನಡುವಣ ಭಿತ್ತಿಯಲ್ಲಿ ಒಂದು ರಂಧ್ರವೂ ಅದನ್ನು ಮುಚ್ಚುವ ಒಂದು ಬಿರಡೆಯೂ ಇರುವುವು. ಇದನ್ನು ಕುಳಿಬಂಧವೆಂದು ಕರೆಯಬಹುದು. ಬ್ಯಾಂಜಿಯಾದ ಪಂಗಡದಲ್ಲಿ ಕುಳಿಬಂಧವಿಲ್ಲವೆಂಬುದು ಎರಡನ್ನೂ ಬೇರ್ಪಡಿಸುವ ಮುಖ್ಯ ಲಕ್ಷಣಗಳಲ್ಲೊಂದಾಗಿದ್ದಿತು. ಪಾರ್ಫಿರಾದ ಎಲೆಯಲ್ಲಿ ಅದು ನಿಜವಾಗಿಯೂ ಇಲ್ಲ. ಆದರೆ ಕಾಂಕೋಸೆಲಿಸ್‌ನ ಎಳೆಗಳಲ್ಲಿ ಇದೆ! ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು 1970ರ ವೇಳೆಗೆ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿದುವು. ಎಲೆಯ ಭಿತ್ತಿಯಲ್ಲಿ ದೊರೆಯದ ಸೆಲ್ಯುಲೋಸು ಎಳೆಯ ಭಿತ್ತಿಯಲ್ಲಿ ದೊರೆಯಿತು. ಎಲೆಯ ನಕ್ಷತ್ರಾಕಾರದ ವರ್ಣಕಣದ ಸ್ಥಾನದಲ್ಲಿ ಎಳೆಯಲ್ಲಿ ಭಿತ್ತಿಗೆ ಅಂಟಿದ ಪಟ್ಟಿಯಂತಹ ವರ್ಣಕಣವಿದ್ದಿತು. ಒಂದು ಮಹಾಪಂಗಡಕ್ಕೆ ಎಳೆದಿದ್ದ ಗಡಿ ಆ ಪಂಗಡದ ಜೀವಿಗಳ ಅರ್ಧ ಬಾಳನ್ನು ಮಾತ್ರ ನೋಡಿ ಎಳೆದುದೆಂದು ಹೀಗೆ ಸ್ಥಿರಪಟ್ಟಿತು. ಡಿ.ಎನ್‌.ಎ.ಯನ್ನು ಆಧರಿಸಿದ ಈಚಿನ ವರ್ಗೀಕರಣದಲ್ಲಿ ಬ್ಯಾಂಜಿಯಾ ಮತ್ತು ಪಾರ್ಫಿರಾಗಳ ಗಣವು ಫ್ಲಾರಿಡಿಯೆಗಳ ಅತಿ ಹತ್ತಿರದ ದಾಯಾದಿಯಾಗಿ ನಿಂತಿದೆ. ಒಂದು ಕಾಲದಲ್ಲಿ ಅದರೊಡನೆ ಸೇರಿಸಿದ್ದ ಇತರ ಸರಳ ಪಾಚಿಗಳು ಬೇರೆ ಬೇರೆ ವರ್ಗಗಳಾಗಿ ದೂರ ಸರಿದಿವೆ. ಚಿಪ್ಪಿನೊಳಗಿನ ಬಿರಡೆಗಳು ಇದನ್ನು ಮೊದಲೇ ಸೂಚಿಸಿದ್ದುವೆನ್ನಬೇಕು.

ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ ಈ ವೃತ್ತದಲ್ಲಿ ಎಲ್ಲಿ ನಡೆಯುವುದೆಂಬ ಪ್ರಶ್ನೆಯೂ ಬಹುಕಾಲ ಬಗೆಹರಿಯದೆ ಉಳಿದಿದ್ದಿತು. ಎಲೆ ಏಕಗುಣಿತವಾದುದು, ಎಳೆ ದ್ವಿಗುಣಿತವಾದುದು. ಜಪಾನಿನ ಸಂಶೋಧಕರು 1980ರ ದಶಕದಲ್ಲಿ ಬಣ್ಣಗೆಟ್ಟ ತಳಿಗಳನ್ನು ಕೂಡಿಸಿ ನೋಡಿದಾಗ ಮುಂದಿನ ಎಲೆಗಳು ಒಂದೇ ಬಣ್ಣವಾಗಿರದೆ ಪಟ್ಟಿಪಟ್ಟಿಯಾಗಿ ಬಂದುವು. ಕೆನಡಾದ ಮಿಟ್ಮನ್ ಮತ್ತು ವಾನ್ ಡರ್ ಮೀರ್ ಅವರು 1994ರಲ್ಲಿ ಪಾರ್ಫಿರಾ ಪರ್ಪ್ಯೂರಿಯಾದಲ್ಲಿ ಇದರ ಗುಟ್ಟನ್ನು ವಿವರಿಸಿದರು: ಆ ವಿಭಜನೆ ನಡೆಯುವುದು ಕಾಂಕೋಸ್ಪೋರ್ ಮೊಳೆಯುವಾಗ. ಅದರಿಂದ ಬಂದ ನಾಲ್ಕು ಕೋಶಗಳು ಅಗಲಿಹೋಗದೆ ಒಂದರ ಮೇಲೊಂದು ನಿಂತು ಒಂದೇ ಎಲೆಯಾಗುವುವು. ಆ ಪ್ರಭೇದದ ಕೆಲವು ಎಲೆಗಳಲ್ಲಿ ನೇರವಾದ ಗೆರೆಯೊಂದರ ಈಚೆಗೆ ಗಂಡು, ಆಚೆಗೆ ಹೆಣ್ಣು ಇರುವುದನ್ನು ಹಳಬರು ಕಂಡು, ಅದನ್ನು ಉಭಯಲಿಂಗಿಯೆಂದು ಬರೆದಿಟ್ಟಿದ್ದರು. ನಿಜದಲ್ಲಿ ಅದು ಒಂದೇ ಎಲೆಯಲ್ಲಿ ಒಟ್ಟಾಗಿ ಬಾಳುತ್ತಿರುವ, ಅನುವಂಶಿಕವಾಗಿ ಬೇರೆ ಬೇರೆಯಾದ ಒಡಹುಟ್ಟಿದವರ ಕೂಟ. ಹುಸ್‌ನ ಕಾಲದಿಂದ ನೆಚ್ಚಿದ್ದ ಮೂರು ಪ್ರಶ್ನೆಗಳಲ್ಲಿ ಎರಡನೆಯದು ಇದರಿಂದ ಬಹಳ ಸಡಿಲವಾಯಿತು. ಗಂಡು ಹೆಣ್ಣು ಒಂದೇ ಎಲೆಯಲ್ಲಿವೆಯೇ ಎಂಬ ಪ್ರಶ್ನೆಗೆ ಮೊದಲು, ಒಂದು ಎಲೆ ಎಂದರೆ ಒಂದು ಜೀವಿಯೇ ಎಂದು ಕೇಳಬೇಕಾಗಿ ಬಂದಿತು.

ಇಂತಹ ಆಧಾರಗಳ ಮೇಲೆ ನಿಂತಿದ್ದ ಜಾತಿ ಒಡೆಯದೆ ಉಳಿಯುವುದು ಸಾಧ್ಯವಿರಲಿಲ್ಲ. 2011ರಲ್ಲಿ ಸದರ್ಲೆಂಡ್ ಮತ್ತು ಅವರ ಸಹೋದ್ಯೋಗಿಗಳು ಎರಡು ಜೀನುಗಳನ್ನು ಹೋಲಿಸಿ ಈ ಗಣದಲ್ಲಿ 15 ಜಾತಿಗಳನ್ನು ಗುರುತಿಸಿದರು. ಅವುಗಳಲ್ಲಿ 8 ಎಲೆಯ ರೂಪದವು, 7 ಎಳೆಯ ರೂಪದವು. ನೋರಿಯ ಪ್ರಭೇದಗಳು ಪಾರ್ಫಿರಾವನ್ನು ಬಿಟ್ಟು, 1899ರಿಂದ ಇದ್ದು ಮರೆತುಹೋಗಿದ್ದ ಪೈರೋಪಿಯಾ ಎಂಬ ಜಾತಿಗೆ ಹೋದುವು. 2020ರಲ್ಲಿ ಯಾಂಗ್ ಮತ್ತು ಸಂಗಡಿಗರು ಪೈರೋಪಿಯಾವನ್ನೂ ಒಡೆದು, ಯೆಜೋಎನ್ಸಿಸ್ ಪ್ರಭೇದವನ್ನು ನಿಯೋಪೈರೋಪಿಯಾ ಎಂಬ ಹೊಸ ಜಾತಿಯಲ್ಲಿಟ್ಟರು. 2022ರಲ್ಲಿ ಜುಕರೆಲ್ಲೋ ಮೊದಲಾದವರು ಇದನ್ನು ಆಕ್ಷೇಪಿಸಿ, ಜಾತಿಗಳನ್ನು ಇಷ್ಟು ಸಣ್ಣದಾಗಿ ಸೀಳಬಾರದೆಂದೂ ಪೈರೋಪಿಯಾ ಇಡಿಯಾಗಿಯೇ ಇರಲಿ ಎಂದೂ ವಾದಿಸಿದರು.

ಈ ವಿವಾದದಲ್ಲಿ ನಮ್ಮ ಒಲವು ಕೊನೆಯವರ ಕಡೆಗಿದೆ. 2011ರ ಒಡಕು ಅನಿವಾರ್ಯವಾಗಿದ್ದಿತು. ಬೇರೆ ಬೇರೆ ವಂಶಗಳು ಒಂದೇ ಹೆಸರಿನ ಕೆಳಗೆ ಸೇರಿಹೋಗಿದ್ದುವು. ಎಳೆಯ ರೂಪದ ಬ್ಯಾಂಜಿಯಾಗಳು ಎಲೆಯ ರೂಪದವುಗಳ ನಡುನಡುವೆ ಹೆಣೆದುಕೊಂಡಿದ್ದುವು. 2020ರ ಒಡಕಿಗೆ ಅಂತಹ ಒತ್ತಾಯವಿರಲಿಲ್ಲ. ಪೈರೋಪಿಯಾ ಒಂದೇ ಮೂಲದಿಂದ ಬಂದ ಪಂಗಡವಾಗಿದ್ದು, ಅದನ್ನು ಎಲ್ಲಿ ಕತ್ತರಿಸಬೇಕೆಂಬುದು ಅಭಿರುಚಿಯ ಮಾತಾಗಿ ಉಳಿಯಿತು. ಮೇಲಾಗಿ ಹೊಸ ಜಾತಿಗಳನ್ನು ಬರಿಗಣ್ಣಿನಿಂದಾಗಲಿ ಸೂಕ್ಷ್ಮದರ್ಶಕದಿಂದಾಗಲಿ ಬೇರ್ಪಡಿಸುವುದು ಕಷ್ಟ. ಕಣ್ಣಿಗೆ ಕಾಣುವ ಅರ್ಧವನ್ನೇ ನಂಬಿದುದು ಹಿಂದಿನವರ ದೋಷವಾಗಿದ್ದರೆ, ಕಣ್ಣಿಗೆ ಕಾಣುವುದಕ್ಕೆ ಲೆಕ್ಕವೇ ಇಲ್ಲದಂತೆ ಹೆಸರಿಡುವುದು ಅದರ ಪರಿಹಾರವಾಗಲಾರದು. ಈ ಗಣದ ಎಷ್ಟೋ ಪ್ರಭೇದಗಳ ಕಾಂಕೋಸೆಲಿಸ್ ಅವಸ್ಥೆಯನ್ನು ಎಲೆಗಳಷ್ಟು ಎಚ್ಚರದಿಂದ ವರ್ಣಿಸುವ ಕೆಲಸ ಇನ್ನೂ ಬಾಕಿಯಿರುವಾಗ ಹೊಸ ಗಡಿಗಳನ್ನು ಎಳೆಯುವ ಆತುರ ನಮಗೆ ಅರ್ಥವಾಗದು.

ಈ ಹೆಸರುಗಳ ಗದ್ದಲ ದೂರದ ದೇಶಗಳದೆಂದು ತಿಳಿಯಬಾರದು. ಮಹಾರಾಷ್ಟ್ರ ಗೋವೆಗಳಿಂದ ನಮ್ಮ ಕರ್ನಾಟಕದವರೆಗೆ ಪಶ್ಚಿಮ ಕರಾವಳಿಯ ಬಂಡೆಗಳ ಮೇಲ್ಭಾಗದಲ್ಲಿ ಮಳೆಗಾಲದ ಅಲೆಗಳ ಹೊಡೆತದಲ್ಲಿ ಕಾಣಿಸಿಕೊಂಡು ಮಳೆ ಹಿಂದೆಗೆದೊಡನೆ ಮಾಯವಾಗುವ ಒಂದು ಪ್ರಭೇದವುಂಟು. 1962ರಲ್ಲಿ ವಿಯೆಟ್ನಾಮಿನ ಮಾದರಿಗಳಿಂದ ವರ್ಣಿತವಾದ ಅದು ಮೊದಲು ಪಾರ್ಫಿರಾ ವಿಯೆಟ್ನಾಮೆನ್ಸಿಸ್ ಆಗಿದ್ದಿತು. 2011ರಲ್ಲಿ ಪೈರೋಪಿಯಾ ಆಯಿತು. 2020ರಲ್ಲಿ ಕ್ಯಾಲಿಡಿಯಾ ಆಯಿತು. ಆ ಹೆಸರು ನಿಯಮಬದ್ಧವಲ್ಲವೆಂದು ತೋರಿ ಅದೇ ವರ್ಷ ಫೈಕೋಕ್ಯಾಲಿಡಿಯಾ ಆಯಿತು. ಮಳೆಗಾಲ ಕಳೆದ ಮೇಲಿನ ಎಂಟು ತಿಂಗಳು ಅದು ಯಾವ ಚಿಪ್ಪುಗಳಲ್ಲಿ, ಎಷ್ಟು ಆಳದಲ್ಲಿ ಕಾಲ ಕಳೆಯುವುದೆಂಬುದನ್ನು ಹುಡುಕಲು ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬೇಕಾದುದು ಒಂದು ಸಾಧಾರಣ ಸೂಕ್ಷ್ಮದರ್ಶಕ, ಚಿಪ್ಪಿನ ಸುಣ್ಣವನ್ನು ಕರಗಿಸಲು ಸ್ವಲ್ಪ ಆಮ್ಲ, ಮತ್ತು ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ಸತ್ತ ಚಿಪ್ಪುಗಳನ್ನು ಆಯುವ ತಾಳ್ಮೆ.